ಹೆಂಗಸರ ಎದೆನೋವು ಯಾವಾಗಲೂ ‘ಗ್ಯಾಸ್’ ಯಾಕಾಗುತ್ತದೆ?

ತಿಪಟೂರು ತೆಂಗು:
ನಮ್ಮ ಕಡೆ ಒಂದು ಪದ್ಧತಿ ಇದೆ. ಗಂಡಸು ಎದೆ ಹಿಡಿದುಕೊಂಡರೆ ಬಾಗಿಲಿಗೆ ಕಾರು ಬರುತ್ತದೆ. ಹೆಂಗಸು ಎದೆ ಬಿಗೀತಿದೆ ಅಂದರೆ ಜೀರಿಗೆ ಕಷಾಯ ಬರುತ್ತದೆ. ಅದಕ್ಕೆ ಬಗ್ಗದಿದ್ದರೆ ಈನೋ. ಅದಕ್ಕೂ ಬಗ್ಗದಿದ್ದರೆ ‘ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ, ಅದಕ್ಕೇ’ ಅಂತ ಬೈಗುಳ.

ನಮ್ಮ ಅತ್ತೆಗೆ 58 ವರ್ಷ, ಶುಗರ್ ಇದೆ. ಹೋದ ತಿಂಗಳು ಬೆಳಿಗ್ಗೆ ಎದ್ದಾಗಿನಿಂದ ಬೆನ್ನಿನ ಮೇಲ್ಭಾಗದಲ್ಲಿ ನೋವು, ದವಡೆ ಸೆಳೆತ, ಹೊಟ್ಟೆ ತೊಳೆಸುವುದು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು. ಇಂಜೆಕ್ಷನ್ ಕೊಟ್ಟು ಕಳಿಸಿದರು, ಈಸಿಜಿ ತೆಗೆಯಲಿಲ್ಲ. ಮನೆಗೆ ಬಂದು ಅವರು ಎಂದಿನ ಹಾಗೆ ಮುದ್ದೆಗೆ ಎಸರಿಟ್ಟರು. ಸಂಜೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸೀರೆಯೆಲ್ಲ ತಣ್ಣನೆ ಬೆವರಿನಲ್ಲಿ ಒದ್ದೆ. ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಈಸಿಜಿ ನೋಡಿದ ತಕ್ಷಣ ಹಾರ್ಟ್ ಅಟ್ಯಾಕ್ ಅಂದರು. ಸ್ಟೆಂಟ್ ಹಾಕಿದ್ದಾರೆ, ಈಗ ಪರವಾಗಿಲ್ಲ. ಆದರೆ ಹೃದಯದ ಪಂಪಿಂಗ್ ಕಡಿಮೆಯಾಗಿದೆ. ಬೆಳಿಗ್ಗೆಯೇ ಗೊತ್ತಾಗಿದ್ದರೆ ಇಷ್ಟು ಆಗುತ್ತಿರಲಿಲ್ಲವಂತೆ.

ಸಮಾಧಾನ ಹೇಳುವುದು ಬೇಡ. ನಿಮ್ಮ ಮನೆಗಳಲ್ಲಿ ಏನಾಗಿದೆ ಹೇಳಿ. ನಮ್ಮಂಥವರು ಯಾವಾಗ ಏನು ಪರೀಕ್ಷೆ ಮಾಡಿಸಬೇಕು, ಗೊತ್ತಿದ್ದವರು ಬರೆಯಿರಿ.

ಹುಬ್ಬಳ್ಳಿ ಗಿರ್ಮಿಟ್:
ನಮ್ಮ ಅವ್ವನ ಕಥೆಯೂ ಇದೇ ರೀ ಅಕ್ಕಾರೆ. ಅವ್ವನಿಗೆ ನೋವು ಅಂತ ಏನೂ ಇರಲಿಲ್ಲ. ಬರೀ ಸುಸ್ತು, ಮೆಟ್ಟಿಲು ಹತ್ತಿದರೆ ತೇಕು. ‘ವಯಸ್ಸಾತು, ಇನ್ನೇನು’ ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಓಣಿಯವರೂ ಹೂಂ ಅಂದರು. ಅದೇ ತೇಕು ಅಪ್ಪನಿಗೆ ಬಂದಿದ್ದರೆ ಓಣಿಯೆಲ್ಲ ಆಸ್ಪತ್ರೆಯಲ್ಲಿರುತ್ತಿತ್ತು.

ಬಿಳಿಕೋಟು:
ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಿಜಿಷಿಯನ್ ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದರೆ ಎದೆನೋವೇ ಬರುವುದಿಲ್ಲ’ ಅನ್ನುವ ಮಾತು ಈಗ ಓಡಾಡುತ್ತಿದೆ. ಅದು ಸರಿಯಲ್ಲ. ಹೆಂಗಸರಲ್ಲೂ ಜಾಸ್ತಿ ಕಾಣುವುದು ಎದೆಯ ತೊಂದರೆಯೇ. ಆದರೆ ತುಂಬಾ ಜನ ಅದನ್ನು ನೋವು ಅನ್ನುವುದಿಲ್ಲ. ಭಾರ, ಉರಿ, ಬಿಗಿ, ‘ಒಂಥರಾ ಆಗ್ತಿದೆ ಡಾಕ್ಟ್ರೇ’ ಅನ್ನುತ್ತಾರೆ. ಜೊತೆಗೆ ವಾಕರಿಕೆ, ಏದುಸಿರು, ತಣ್ಣನೆ ಬೆವರು, ದವಡೆ, ಕುತ್ತಿಗೆ, ಬೆನ್ನುನೋವು, ವಿಪರೀತ ಸುಸ್ತು ಇರುತ್ತದೆ. ಇವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೇಳಿಸಿಕೊಳ್ಳುವವರು ವಾಂತಿಯೊಂದನ್ನೇ ಹಿಡಿದುಕೊಂಡು ಗ್ಯಾಸ್ಟ್ರಿಕ್ ಅಂತ ಬರೆದುಬಿಡುತ್ತಾರೆ. ಶುಗರ್ ಹಳೆಯದಾಗಿದ್ದರೆ ನರಗಳು ಮಂದವಾಗಿ ನೋವು ಗೊತ್ತೇ ಆಗದಿರಬಹುದು.

ನಾನು ನಮ್ಮ ನರ್ಸ್‌ಗಳಿಗೆ ಹೇಳಿಕೊಟ್ಟಿರುವುದು ಇಷ್ಟೇ. 40 ದಾಟಿದವರು, ಅಥವಾ ಬಿಪಿ ಶುಗರ್ ಇರುವವರು, ದವಡೆಯಿಂದ ಹೊಕ್ಕುಳದವರೆಗೆ ಎಲ್ಲೇ ಹೊಸದಾಗಿ ನೋವು, ಬಿಗಿ, ಉರಿ ಅಂದರೂ ಮೊದಲು ಈಸಿಜಿ. ಬಂದು 10 ನಿಮಿಷದೊಳಗೆ ಆಗಬೇಕು. ಗ್ಯಾಸ್ ಮಾತ್ರೆ ಆಮೇಲೆ. ಎಲ್ಲಿ ತೋರಿಸಿದರೂ ‘ಈಸಿಜಿ ತೆಗೀರಿ’ ಅಂತ ನೀವೇ ಬಾಯಿಬಿಟ್ಟು ಕೇಳಿ. ಯಾರೂ ಜಗಳಗಂಟಿ ಅನ್ನುವುದಿಲ್ಲ. ಅಂದರೂ ಅನ್ನಲಿ.

ಇನ್ನೊಂದು ವಿಷಯವನ್ನು ಯಾರೂ ಮಾತಾಡುವುದಿಲ್ಲ. ಈಸಿಜಿಗೆ ಎದೆಯ ಮೇಲೆ ಆರು ಕಡೆ ಬಟನ್ ಅಂಟಿಸಬೇಕು, ಕೆಲವು ಎಡಸ್ತನದ ಕೆಳಗೇ ಬರಬೇಕು. ಟೆಕ್ನಿಷಿಯನ್ ಗಂಡಸಾಗಿದ್ದರೆ ಅಮ್ಮಂದಿರು ರವಿಕೆ ಬಿಚ್ಚಲು ಒಪ್ಪುವುದಿಲ್ಲ. ಅವನಿಗೂ ಸಂಕೋಚ, ಎಲ್ಲೆಲ್ಲೋ ಅಂಟಿಸಿ ಮುಗಿಸುತ್ತಾನೆ. ಆ ಈಸಿಜಿ ನಂಬಿ ಮನೆಗೆ ಕಳಿಸಿದರೆ? ಹೆಣ್ಣು ನರ್ಸ್ ಕರೆಸಿ ಅನ್ನಿ, ಪರದೆ ಎಳೆಯಲು ಹೇಳಿ. ಅದು ನಿಮ್ಮ ಹಕ್ಕು.

ಮೊದಲ ಈಸಿಜಿ ನಾರ್ಮಲ್ ಬಂದರೂ ಕಥೆ ಮುಗಿಯಲಿಲ್ಲ. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು. ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ ಇದೆ. ಅಟ್ಯಾಕ್ ಶುರುವಾದ ಹೊಸದರಲ್ಲಿ ಅದೂ ನಾರ್ಮಲ್ ತೋರಿಸಬಹುದು, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕು.

ತೋಟದ ಮನೆ:
ಡಾಕ್ಟ್ರೇ, ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹಾರ್ಟ್ ತೊಂದರೆ ಬರಲ್ಲ, ಹಾರ್ಮೋನ್ ಕಾಪಾಡುತ್ತದೆ ಅಂತ ಕೇಳಿದ್ದೆ. ನನ್ನ ಹೆಂಡತಿಗೆ 44. ಸುಮ್ನೆ ಹೆದರಿಸುತ್ತಿದ್ದೀರಾ ಅನ್ನಿಸುತ್ತದೆ.

ಬಿಳಿಕೋಟು:
ಅರ್ಧ ನಿಜ ಸರ್. ಇಂಟರ್‌ಹಾರ್ಟ್ ಅಂತ 52 ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು, 2004ರಲ್ಲಿ ಪ್ರಕಟವಾಯಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದರು. ಹೆಂಗಸರಿಗೆ ಮೊದಲ ಅಟ್ಯಾಕ್ ಗಂಡಸರಿಗಿಂತ ಸರಾಸರಿ 9 ವರ್ಷ ತಡವಾಗಿ ಬರುತ್ತದೆ ಅಂತ ಅದರಲ್ಲೂ ಕಂಡಿತು. ಆದರೆ ಶುಗರ್ ಬಂದರೆ ಈ ರಿಯಾಯಿತಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಶುಗರ್‌ನಿಂದ ಹೃದಯಕ್ಕೆ ಆಗುವ ಹಾನಿ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬೀಡಿ ಸಿಗರೇಟೂ ಹಾಗೇ. 40ಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಗರ್ಭಕೋಶದ ಜೊತೆ ಅಂಡಾಶಯವನ್ನೂ ಬೇಗ ತೆಗೆಸಿಕೊಂಡವರಿಗೆ ಆ ಕಾಪಾಡುವಿಕೆ ಬೇಗ ಮುಗಿಯಿತು ಅಂತಲೇ ಲೆಕ್ಕ. ನಮ್ಮ ಹಳ್ಳಿಗಳಲ್ಲಿ 35ಕ್ಕೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಜನ ಇದ್ದಾರೆ, ನಿಮಗೂ ಗೊತ್ತು.

ಹಾಗಂತ ಹೃದಯ ಉಳಿಸಿಕೊಳ್ಳಲು ಹಾರ್ಮೋನ್ ಮಾತ್ರೆ ನುಂಗುವ ಹಾಗಿಲ್ಲ. ಅಮೆರಿಕದ ದೊಡ್ಡ ಪ್ರಯೋಗವೊಂದು 2002ರಲ್ಲಿ ಆ ಆಸೆಯನ್ನು ಮುರಿಯಿತು.

ಗುಲಾಬಿ ಸೀರೆ:
ನಾನು ಆಶಾ ಕಾರ್ಯಕರ್ತೆ. ದೊಡ್ಡ ವಿಷಯ ನನಗೆ ಗೊತ್ತಿಲ್ಲ, ಆದರೆ ತಾಯಿ ಕಾರ್ಡ್ ಬಗ್ಗೆ ಹೇಳಬೇಕು. ಬಸುರಿಯಲ್ಲಿ ಪ್ರತಿ ಸಲ ಬಿಪಿ ನೋಡಿ ಅದರಲ್ಲಿ ಬರೆಯುತ್ತೇವೆ. 150/100 ಬಂತು, ಕಾಲು ಊತ ಬಂತು ಅಂದರೆ ಜಿಲ್ಲಾಸ್ಪತ್ರೆಗೆ ಕಳಿಸುತ್ತೇವೆ, ಮನೆಯವರೂ ಓಡಾಡುತ್ತಾರೆ. ಹೆರಿಗೆ ಆಗುತ್ತದೆ, ಮಗು ಚೆನ್ನಾಗಿದೆ, ಎಲ್ಲರಿಗೂ ಖುಷಿ. ಆಮೇಲೆ ಆ ಕಾರ್ಡ್‌ನಲ್ಲಿ ಮಗುವಿನ ಚುಚ್ಚುಮದ್ದಿನ ಪುಟ ಮಾತ್ರ ನೋಡುತ್ತಾರೆ. ತಾಯಿಯ ಪುಟ ಯಾರೂ ತಿರುಗಿಸುವುದಿಲ್ಲ. ಮಗು ಶಾಲೆಗೆ ಸೇರಿದ ಮೇಲೆ ಕಾರ್ಡ್ ಎಲ್ಲಿದೆ ಅಂದರೆ ಗೊತ್ತೇ ಇಲ್ಲ.

ಒಂದು ಟ್ರೇನಿಂಗ್‌ನಲ್ಲಿ ಮೇಡಂ ಹೇಳಿದರು: ಬಸುರಿಯಲ್ಲಿ ಬಿಪಿ ಬಂದವರಿಗೆ ಮುಂದೆ ಹಾರ್ಟ್ ತೊಂದರೆ ಬರುವ ಸಾಧ್ಯತೆ ಜಾಸ್ತಿ ಅಂತ. ಅವತ್ತಿನಿಂದ ನನ್ನ ಏರಿಯಾದಲ್ಲಿ ಅಂಥವರ ಹೆಸರನ್ನು ನನ್ನ ಡೈರಿಯಲ್ಲೂ ಬರೆದಿಟ್ಟುಕೊಳ್ಳುತ್ತೇನೆ.

ಕದ್ರಿ ಟೀಚರ್:
ಅಯ್ಯೋ, ಇದು ನನಗೆ ಯಾರೂ ಹೇಳಲೇ ಇಲ್ಲ! ಮೊದಲ ಹೆರಿಗೆಯಲ್ಲಿ ಬಿಪಿ ಏರಿ ಎಂಟನೇ ತಿಂಗಳಿಗೇ ಸಿಸೇರಿಯನ್ ಮಾಡಿದರು. ‘ಹೆರಿಗೆ ಆದ ಮೇಲೆ ಬಿಪಿ ಇಳಿಯಿತು, ಇನ್ನು ಚಿಂತೆ ಇಲ್ಲ’ ಅಂದು ಕಳಿಸಿದರು. ಈಗ ಮಗಳು ಪಿಯುಸಿ. ಅದಾದ ಮೇಲೆ ನಾನು ಬಿಪಿ ನೋಡಿಸಿಯೇ ಇಲ್ಲ. ನಿಜವಾ ಡಾಕ್ಟ್ರೇ?

ಬಿಳಿಕೋಟು:
ನಿಜ ಟೀಚರ್. ಇಡೀ ಚರ್ಚೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಆಶಾ ಅಕ್ಕ ಹೇಳಿದ ಈ ಮಾತು ಇಟ್ಟುಕೊಳ್ಳಿ. ಬಸುರಿಯ ಬಿಪಿ ಜೋರಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತೇವೆ. ಅಂಥವರಿಗೆ ಮುಂದೆ ಹಾರ್ಟ್ ಅಟ್ಯಾಕ್, ಲಕ್ವದ ಅಪಾಯ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಬಸುರಿಯಲ್ಲಿ ಶುಗರ್ ಬಂದವರದ್ದೂ ಇದೇ ದಾರಿ. ಹೆರಿಗೆ ಆದ ಮೇಲೆ ಶುಗರ್ ಇಳಿಯುತ್ತದೆ. ಆದರೆ ಕೆಲವು ವರ್ಷಗಳಲ್ಲಿ ಅವರಲ್ಲಿ ತುಂಬಾ ಜನರಿಗೆ ಅದು ಖಾಯಂ ಆಗಿ ವಾಪಸ್ ಬರುತ್ತದೆ. ಹೆರಿಗೆಯಾದ 6 ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶುಗರ್ ನೋಡಿಸಬೇಕು.

ನೀವು ಈ ವಾರವೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಡಾಕ್ಟರ್ ಕೇಳದಿದ್ದರೂ ‘ನನಗೆ ಬಸುರಿಯಲ್ಲಿ ಬಿಪಿ ಇತ್ತು’ ಅಂತ ನೀವೇ ಹೇಳಿ. ನಾವು ಬಿಪಿ ಇದೆಯಾ ಅಂತ ಕೇಳುತ್ತೇವೆ, ಇತ್ತಾ ಅಂತ ಕೇಳುವುದನ್ನು ಬಿಟ್ಟುಬಿಡುತ್ತೇವೆ.

ಎಡಿಸನ್ ಕನ್ನಡತಿ:
ನ್ಯೂಜೆರ್ಸಿಯಿಂದ. ಇಲ್ಲಿನ ಹೃದ್ರೋಗ ಸಂಘದವರ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ಅಪಾಯ ಹೆಚ್ಚಿಸುವ ಅಂಶಗಳ ಒಂದು ಪಟ್ಟಿ ಇದೆ. ಪ್ರಿ-ಎಕ್ಲಾಂಪ್ಸಿಯಾ, 40ಕ್ಕೆ ಮೊದಲು ಮುಟ್ಟು ನಿಲ್ಲುವುದು ಎರಡೂ ಅದರಲ್ಲಿವೆ. ದಕ್ಷಿಣ ಏಷ್ಯಾದ ಮೂಲ ಅನ್ನುವುದೂ ಇದೆ! ನನಗೆ ಮೂರೂ ಅನ್ವಯಿಸುತ್ತವೆ. ಡಾಕ್ಟರ್ ಆ ಪಟ್ಟಿ ಓದುತ್ತಾ ಹೋದರು, ನಾನು ಹಾಜರಿ ಹೇಳುತ್ತಾ ಹೋದೆ.

ಶುಭೋದಯ ಅಂಕಲ್:
ಎಲ್ಲರಿಗೂ ನಮಸ್ಕಾರ. ಒಬ್ಬರೇ ಇದ್ದಾಗ ಎದೆನೋವು ಬಂದರೆ ದೀರ್ಘ ಉಸಿರೆಳೆದು ಜೋರಾಗಿ ಕೆಮ್ಮುತ್ತಿರಬೇಕು. ಮತ್ತು ಎಲ್ಲರ ಮನೆಯಲ್ಲೂ ಸಾರ್ಬಿಟ್ರೇಟ್ ಮಾತ್ರೆ ಇರಲಿ, ನಾಲಿಗೆ ಕೆಳಗೆ ಇಟ್ಟರೆ ಜೀವ ಉಳಿಯುತ್ತದೆ. ದಯವಿಟ್ಟು ಎಲ್ಲರಿಗೂ ಕಳಿಸಿ 🙏

ಬಿಳಿಕೋಟು:
ಅಂಕಲ್, ದಯವಿಟ್ಟು ಯಾರಿಗೂ ಕಳಿಸಬೇಡಿ 🙏 ಕೆಮ್ಮುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ. ಸಾರ್ಬಿಟ್ರೇಟ್ ಬಿಪಿ ಇಳಿಸುತ್ತದೆ. ಮೊದಲೇ ಬಿಪಿ ಕುಸಿದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಡಾಕ್ಟರ್ ಬರೆದುಕೊಟ್ಟವರಿಗೆ ಮಾತ್ರ ಅದು. ಮಾಡಬೇಕಾದ್ದು 108ಕ್ಕೆ ಫೋನ್. ಆಸ್ಪಿರಿನ್ ಕೊಡಬಹುದಾ ಅಂತ ಅವರನ್ನೇ ಕೇಳಿ. ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇದ್ದವರಿಗೆ ಅದೂ ಬೇಡ. ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ಹೋಗಬೇಡಿ.

ಕುಸಿದು ಬಿದ್ದು ಉಸಿರೇ ಇಲ್ಲ ಅಂದರೆ ಎದೆಯ ಮಧ್ಯದಲ್ಲಿ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಬೇಕು. ಬಿದ್ದವರು ಹೆಂಗಸಾದರೆ ಮುಟ್ಟಲು ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಸೆರಗಿನ ಮೇಲೇ ಒತ್ತಿದರೂ ಸರಿ.

ತಾಲ್ಲೂಕಿನವರಿಗೆ ಒಂದು ಮಾಹಿತಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಈಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ದೊಡ್ಡ ಅಟ್ಯಾಕ್ ಅಂತ ಅಲ್ಲಿಂದ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾಗಿ 12 ಗಂಟೆಯೊಳಗೆ ಕೊಡಬೇಕು, ಮೊದಲ 3 ಗಂಟೆಯಲ್ಲಿ ಕೊಟ್ಟರೆ ಫಲ ಜಾಸ್ತಿ. ಕಷಾಯ ಕುಡಿದು ಕಾಯುವ ಸಮಯ ಇದರಲ್ಲೇ ಕಳೆಯುತ್ತದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಹಾಸನ ಎಕ್ಸ್‌ಪ್ರೆಸ್:
ಇದೆಲ್ಲ ಇರಲಿ, ಕೋವಿಡ್ ಲಸಿಕೆ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? 2025ರ ಜೂನ್ ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳು ಒಂದರ ಹಿಂದೆ ಒಂದು ಸುದ್ದಿಯಾಗಿದ್ದನ್ನು ಎಲ್ಲರೂ ನೋಡಿದ್ದೀರಿ.

ಎಡಿಸನ್ ಕನ್ನಡತಿ:
ಅದರ ಬಗ್ಗೆ ಸರ್ಕಾರ ತಜ್ಞರ ಸಮಿತಿಯನ್ನೇ ಮಾಡಿತ್ತಲ್ಲ. ಲಸಿಕೆಗೂ ಹಠಾತ್ ಹಾರ್ಟ್ ಸಾವುಗಳಿಗೂ ನಂಟು ಕಾಣಲಿಲ್ಲ ಅಂತ ವರದಿ ಬಂತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಅಧ್ಯಯನ ಹೇಳಿದ್ದೂ ಅದೇ.

ಬಿಳಿಕೋಟು:
ಆ ದಿನಗಳಲ್ಲಿ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ಇತ್ತು. ಹೆದರಿಕೆಯಿಂದಾದರೂ ಜನ ಬಿಪಿ ನೋಡಿಸಿದರಲ್ಲ ಅಂತ ನನಗೆ ಒಂದು ಕಡೆ ಸಮಾಧಾನ. ಆದರೆ ನಮ್ಮ ಆಸ್ಪತ್ರೆಗೆ ಆಗ ಬಂದವರಲ್ಲಿ ಗಂಡಸರೇ ಜಾಸ್ತಿ. ಹೆಂಡತಿಯರು ಜೊತೆಗೆ ಬಂದು ಫೈಲ್ ಹಿಡಿದುಕೊಂಡು ಕೂತಿದ್ದರು. ‘ನೀವೂ ನೋಡಿಸಿಕೊಳ್ಳಿ ಅಮ್ಮ’ ಅಂದರೆ ‘ನನಗೇನಾಗಿದೆ’ ಅನ್ನುವುದು.

ನಿರ್ವಾಹಕಿ:
ಲಸಿಕೆ ಚರ್ಚೆ ಇಲ್ಲಿಗೆ ಸಾಕು. ಬೇಕಿದ್ದರೆ ಬೇರೆ ಎಳೆ ಶುರು ಮಾಡಿ.

ಸದಾಶಿವನಗರ ಸಾಫ್ಟ್‌ವೇರ್:
ನನ್ನ ಹೆಂಡತಿಗೆ 46. ಬೇಗ ಬೇಗ ನಡೆದರೆ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಆಂಜಿಯೋಗ್ರಾಂ ಮಾಡಿಸಿದೆವು, ‘ಒಂದೂ ಬ್ಲಾಕ್ ಇಲ್ಲ’ ಅಂದರು. ಆಮೇಲೆ ಒಬ್ಬರು ಟೆನ್ಶನ್ ಅಂದರು, ಇನ್ನೊಬ್ಬರು ನಿದ್ದೆ ಮಾತ್ರೆ ಬರೆದುಕೊಟ್ಟರು. ನೋವು ಮಾತ್ರ ಹಾಗೇ ಇದೆ. ಈಗ ಮನೆಯಲ್ಲಿ ಅವಳು ಎದೆನೋವು ಅಂತ ಹೇಳುವುದನ್ನೇ ಬಿಟ್ಟಿದ್ದಾಳೆ.

ಬಿಳಿಕೋಟು:
ಬಿಡಬಾರದು ಸರ್. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ರಕ್ತನಾಳಗಳು ಮಾತ್ರ. ಅವುಗಳಿಂದ ಕವಲೊಡೆಯುವ ಕೂದಲೆಳೆಯಂಥ ನಾಳಗಳು ಕಾಣುವುದಿಲ್ಲ. ಅವು ಬೇಕಾದಾಗ ಸರಿಯಾಗಿ ಹಿಗ್ಗದಿದ್ದರೂ ನಡೆಯುವಾಗ ಇದೇ ರೀತಿ ಎದೆ ಬಿಗಿಯುತ್ತದೆ. ಇದು ಹೆಂಗಸರಲ್ಲಿ ಜಾಸ್ತಿ. ಇದಕ್ಕೆ ಮೈಕ್ರೋವ್ಯಾಸ್ಕುಲರ್ ಆಂಜೈನಾ ಅನ್ನುತ್ತಾರೆ, ಮಾತ್ರೆಗಳಿವೆ. ‘ಬ್ಲಾಕ್ ಇಲ್ಲ ಅಂತ ಗೊತ್ತಾಯಿತು, ಹಾಗಾದರೆ ಈ ನೋವು ಯಾಕೆ’ ಅಂತ ಹೃದ್ರೋಗ ತಜ್ಞರನ್ನು ನೇರವಾಗಿ ಕೇಳಿ. ಉತ್ತರ ‘ಟೆನ್ಶನ್’ ಅಂತಲೇ ಬಂದರೆ ಇನ್ನೊಬ್ಬರಿಗೆ ತೋರಿಸಿ.

ಇದರ ಜೊತೆ ಇನ್ನೊಂದಿದೆ. ರಕ್ತನಾಳದ ಒಳಪದರ ತಾನಾಗಿಯೇ ಸೀಳಿಕೊಂಡು ಅಟ್ಯಾಕ್ ಆಗುವುದು. ಅಪರೂಪ, ಆದರೆ ಆಗುವವರಲ್ಲಿ ಹತ್ತರಲ್ಲಿ ಒಂಬತ್ತು ಜನ ಹೆಂಗಸರು. ಬಿಪಿ ಶುಗರ್ ಏನೂ ಇಲ್ಲದ ಚಿಕ್ಕ ವಯಸ್ಸಿನವರು, ಕೆಲವರು ಆಗಷ್ಟೇ ಹೆತ್ತ ಬಾಣಂತಿಯರು.

ಕಲಬುರಗಿ ಜ್ವಾಳ:
ಬಾಣಂತಿ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಂಗಿಗೆ ಎರಡನೇ ಬಸುರಿಯಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ‘ಹೊಟ್ಟೆ ದೊಡ್ಡದಾಗಿದೆ, ಹಾಗೇ ಆಗ್ತದ’ ಅಂದರು ಹಿರಿಯರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ವಾಲ್ವ್ ಸಣ್ಣದಾಗಿದೆ ಅಂತ ಗೊತ್ತಾಯಿತು. ಚಿಕ್ಕಂದಿನಲ್ಲಿ ಗಂಟಲುನೋವು ಬಂದು ಆಮೇಲೆ ಕೀಲು ಊದಿಕೊಳ್ಳುತ್ತಿತ್ತು, ಅದರಿಂದಲೇ ಅಂತೆ. ಬಲೂನ್ ಹಾಕಿ ವಾಲ್ವ್ ಬಿಡಿಸಿದರು. ಈಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ತಾಯಿ ಮಗು ಇಬ್ಬರೂ ಆರಾಮ.

ಗುಲಾಬಿ ಸೀರೆ:
ಈ ದಿಂಬಿನ ವಿಷಯ ನಾನು ಇನ್ನು ಎಲ್ಲ ಬಸುರಿಯರಿಗೂ ಕೇಳುತ್ತೇನೆ.

ಬಿಳಿಕೋಟು:
ಬಾಣಂತಿಯರಿಗೂ ಕೇಳಿ ಅಕ್ಕ. ಬಸುರಿಯ ಕೊನೇ ತಿಂಗಳಿನಿಂದ ಹೆರಿಗೆಯಾಗಿ 5 ತಿಂಗಳವರೆಗೆ ಕೆಲವರ ಹೃದಯದ ಸ್ನಾಯುವೇ ಬಲ ಕಳೆದುಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಕಾಲು ಊತ, ರಾತ್ರಿ ಕೆಮ್ಮು. ಎಲ್ಲವನ್ನೂ ‘ಬಾಣಂತಿಗೆ ಶೀತ ಆಗಿದೆ’ ಅಂದು ಕಿವಿಗೆ ಹತ್ತಿ ಇಟ್ಟು ಕೂರಿಸುತ್ತಾರೆ. ಒಂದು ಎಕೋ ಸಾಕು ಗೊತ್ತಾಗಲು.

ಗೋಳಿಬಜೆ:
ಊಟದ ವಿಷಯ ಬರಲೇ ಇಲ್ಲವಲ್ಲ. ತೆಂಗಿನೆಣ್ಣೆ ಒಳ್ಳೆಯದಾ ಕೆಟ್ಟದ್ದಾ? ನಮ್ಮ ಅಜ್ಜಿ ಜೀವಮಾನವಿಡೀ ತೆಂಗಿನೆಣ್ಣೆ ತಿಂದು 92 ವರ್ಷ ಬದುಕಿದರು. ಈಗಲೇ ಹೇಳಿಬಿಡಿ.

ಬಿಳಿಕೋಟು:
ಕರಾವಳಿಯವರ ಜೊತೆ ತೆಂಗಿನೆಣ್ಣೆ ಜಗಳಕ್ಕೆ ನಾನು ಬರಲ್ಲ 😄 ಅದರಲ್ಲಿ ಸುಮಾರು 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ಹಾಕಿ, ಕರಿಯಲು ಬೇಡ. ಅಜ್ಜಿ ಒರಳಲ್ಲಿ ರುಬ್ಬುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಣ್ಣೆಗಿಂತ ನನಗೆ ಉಪ್ಪಿನ ಚಿಂತೆ ಜಾಸ್ತಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ ತಿಂಗಳೊಳಗೇ ಮುಗಿಯುತ್ತದೆ ಅಂದರೆ ಯೋಚಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬನ್ ಬೇರೆ ಲೆಕ್ಕ.

ತಿಪಟೂರು ತೆಂಗು:
ಹೆಂಗಸರ ಊಟದ ತೊಂದರೆ ಬೇರೆಯೇ ಇದೆ. ಎಲ್ಲರದ್ದೂ ಆದ ಮೇಲೆ ಮೂರು ಗಂಟೆಗೆ ಊಟ. ಪಲ್ಯ ಖಾಲಿಯಾಗಿರುತ್ತದೆ. ಅನ್ನ, ತಿಳಿಸಾರು, ಉಪ್ಪಿನಕಾಯಿ. ರಾತ್ರಿ ಮಿಕ್ಕಿದ್ದನ್ನು ಚೆಲ್ಲಬಾರದು ಅಂತ ಅದನ್ನೂ ತಿನ್ನುವುದು. ಅತ್ತೆಗೆ ಡಯಟ್ ಚೀಟಿ ಕೊಟ್ಟರು. ಅದರಲ್ಲಿ ಓಟ್ಸ್ ಬರೆದಿತ್ತು. ಮಿಕ್ಕಿದ್ದು ತಿನ್ನಬೇಡಿ ಅಂತ ಬರೆದಿರಲಿಲ್ಲ.

ಹುಬ್ಬಳ್ಳಿ ಗಿರ್ಮಿಟ್:
ಮತ್ತ ಎಲಿ ಅಡಿಕಿ? ಅವ್ವ ಬೀಡಿ ಸಿಗರೇಟು ಮುಟ್ಟಿಲ್ಲ ಅಂತ ನಾವು ಡಾಕ್ಟರಿಗೆ ಹೇಳಿದ್ದೆವು. ಎಲೆ ಜೊತೆ ದಿನಾ ತಂಬಾಕು ಹಾಕಿಕೊಳ್ಳುತ್ತಾಳೆ ಅನ್ನುವುದನ್ನು ಅವರು ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ.

ಬಿಳಿಕೋಟು:
ಕಡ್ಡಿಪುಡಿ, ಹೊಗೆಸೊಪ್ಪು ಎಲ್ಲವೂ ತಂಬಾಕೇ, ಹೃದಯಕ್ಕೂ ಕೆಟ್ಟದ್ದು. ಸೌದೆ ಒಲೆಯ ಹೊಗೆಯೂ ಹೃದಯಕ್ಕೆ ಹಾನಿ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಇನ್ನೂ ಸೌದೆ ಇರುವ ಮನೆಗಳಲ್ಲಿ ಹಂಡೆ ಮುಂದೆ ಯಾರು ಕೂರುತ್ತಾರೆ ನೋಡಿ.

ತೋಟದ ಮನೆ:
ಎಲ್ಲ ಓದಿದೆ. ಮನೆಕೆಲಸವೇ ವ್ಯಾಯಾಮ ಅಲ್ವಾ ಅಂತ ಕೇಳಬೇಕು ಅಂದುಕೊಂಡಿದ್ದೆ. ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ಕೇಳಲು ಧೈರ್ಯ ಇಲ್ಲ.

ಬಿಳಿಕೋಟು:
ಅವರ ಪರವಾಗಿ ನಾನೇ ಹೇಳುತ್ತೇನೆ. ಮನೆಕೆಲಸದಲ್ಲಿ ಮೈ ಸವೆಯುತ್ತದೆ, ಆದರೆ ಬಹಳಷ್ಟು ನಿಂತಲ್ಲೇ ನಿಂತು ಮಾಡುವ ಕೆಲಸ. ವಾರಕ್ಕೆ 150 ನಿಮಿಷ ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ ನಡೆಯಬೇಕು. ಆ ಹೊತ್ತು ಅವರಿಗೆ ಸಿಗಬೇಕಾದರೆ ಬೆಳಗಿನ ತಿಂಡಿ ಬೇರೆಯವರು ಮಾಡಬೇಕಾಗುತ್ತದೆ ಸರ್.

ಕದ್ರಿ ಟೀಚರ್:
ಬಿಪಿ ನೋಡಿಸಿದೆ. 152/96. ಎರಡನೇ ದಿನವೂ ಹೆಚ್ಚುಕಡಿಮೆ ಅಷ್ಟೇ. ಮಾತ್ರೆ ಶುರು ಮಾಡಿದ್ದಾರೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148. ಸೊಂಟದ ಸುತ್ತಳತೆಯನ್ನೂ ಅಳೆದರು, 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರೊಳಗೆ ಇರಬೇಕಂತೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಇನ್ನಿಬ್ಬರು ಟೀಚರ್‌ಗಳಿಗೂ ಬಸುರಿಯಲ್ಲಿ ಬಿಪಿ ಇತ್ತಂತೆ, ಅವರೂ ನೋಡಿಸಿಲ್ಲ. ಶನಿವಾರ ಮಧ್ಯಾಹ್ನ ಮೂವರೂ ಸೇರಿ ಹೋಗುತ್ತಿದ್ದೇವೆ.

ಕಲಬುರಗಿ ಜ್ವಾಳ:
ಈಗ ಬಸ್ಸೂ ಫ್ರೀ. ಧರ್ಮಸ್ಥಳಕ್ಕೆ ಹೋಗಿಬರುವವರು ದಾರಿಯಲ್ಲಿ ಆಸ್ಪತ್ರೆಗೂ ಇಳಿದು ಬಿಪಿ ನೋಡಿಸಿಕೊಂಡು ಬರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ 30 ದಾಟಿದವರಿಗೆ ಬಿಪಿ ಶುಗರ್ ಪುಕ್ಕಟೆ ನೋಡುತ್ತಾರೆ, ಮಾತ್ರೆಯೂ ಕೊಡುತ್ತಾರೆ.

ತಿಪಟೂರು ತೆಂಗು:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಸಣ್ಣ ಪ್ರಶ್ನೆ. ಅತ್ತೆಗೆ ಮನೆಯಲ್ಲೇ ಬಿಪಿ ನೋಡಿ ಬರೆದಿಡಲು ಹೇಳಿದ್ದಾರೆ, ಮೆಷಿನ್ ತಂದೆವು. ಒಂದೊಂದು ಸಲ ಒಂದೊಂದು ತೋರಿಸುತ್ತಿದೆ. ಮೆಷಿನ್ ಹಾಳಾಗಿದೆಯಾ?

ಬಿಳಿಕೋಟು:
ಮೆಷಿನ್ ಇರಲಿ, ಮೊದಲು ರವಿಕೆ ತೋಳು ನೋಡಿ. ಬಿಗಿ ತೋಳನ್ನು ಮೇಲಕ್ಕೆ ಸುತ್ತಿಟ್ಟು ಅದರ ಕೆಳಗೆ ಮೆಷಿನ್ನಿನ ಪಟ್ಟಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಬಟ್ಟೆ ಮೇಲೆ ಕಟ್ಟಿದರೂ ತಪ್ಪುತ್ತದೆ. ನೈಟಿಯಲ್ಲಿದ್ದಾಗ ಬರಿ ತೋಳಿಗೆ ಕಟ್ಟುವುದು ಸುಲಭ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಒರಗಿ, ಕಾಲು ನೆಲಕ್ಕೆ ತಾಗಿಸಿ 5 ನಿಮಿಷ ಸುಮ್ಮನೆ ಕೂರಲಿ. ಧಾರಾವಾಹಿ ಹಾಕಬೇಡಿ. ಕೈಯನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಮನೆಯಲ್ಲಿ 135/85 ದಾಟುತ್ತಿದ್ದರೆ ಜಾಸ್ತಿ ಅಂತ ಲೆಕ್ಕ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ತಂದಿದ್ದರೆ ವಾಪಸ್ ಕೊಡಿ.

ತಿಪಟೂರು ತೆಂಗು:
ತೋಳಿನದ್ದೇ ತಂದಿದ್ದೇವೆ. ಆದರೆ ಅವರ ತೋಳಿಗೆ ಪಟ್ಟಿ ಸಾಲುತ್ತಿಲ್ಲ, ಎಳೆದು ಕಟ್ಟುತ್ತಿದ್ದೇವೆ.

ಬಿಳಿಕೋಟು:
ಹಾಗಾದರೆ ಅದೇ ಕಾರಣ. ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಟೇಪಿನಲ್ಲಿ ತೋಳಿನ ಮಧ್ಯದ ಸುತ್ತಳತೆ ಅಳೆದುಕೊಂಡು ಮೆಡಿಕಲ್ ಸ್ಟೋರಿಗೆ ಹೋಗಿ. ಯಾವ ಅಳತೆಗೆ ಅಂತ ಪಟ್ಟಿಯ ಮೇಲೇ ಬರೆದಿರುತ್ತದೆ. ಲಾರ್ಜ್ ಪಟ್ಟಿ ಬೇರೆಯಾಗಿಯೇ ಸಿಗುತ್ತದೆ, ಆದರೆ ನಿಮ್ಮ ಮೆಷಿನ್ ಕಂಪನಿಯದ್ದೇ ತೆಗೆದುಕೊಳ್ಳಿ.